ಊಟದ ಡ್ಯಾಶ್‌ಬೋರ್ಡ್, ಆರನೇ ವಾರ: ಜೋಳ ಅಂದರೆ ಯಾವ ಜೋಳ?

ಕರ್ನಾಟಕದ ಯಾವ ಭಾಗದ ಮನೆಗಳಲ್ಲಿ ಏನು ಎಷ್ಟು ತಿನ್ನುತ್ತಾರೆ ಅಂತ ಚಾರ್ಟಿನಲ್ಲಿ ತೋರಿಸುವ ಪುಟಗಳನ್ನು ಮಾಡುತ್ತಿದ್ದೇನೆ, ಅದೇ ಈ ಡ್ಯಾಶ್‌ಬೋರ್ಡ್. ಭಾನುವಾರ ಅದನ್ನು ತೆರೆದು ವಿಜಯಪುರದ ಗೆಳೆಯನ ಕೈಗೆ ಫೋನ್ ಕೊಟ್ಟೆ. ಅವನು ನೇರವಾಗಿ 'ಜೋಳ' ಅನ್ನೋ ಬಟನ್ ಒತ್ತಿದ. ಅವನ ಊರು ಸೇರುವ ಉತ್ತರ ಒಳನಾಡಿನ ಪಟ್ಟಿ ಚಾರ್ಟಿನಲ್ಲಿ ನೆಲಕ್ಕೆ ಅಂಟಿಕೊಂಡಿತ್ತು. "ದಿನಾ ರೊಟ್ಟಿ ತಿನ್ನೋ ಮಂದಿ ನಾವು, ಇದೇನೋ ಹಿಂಗ ತೋರಸ್ತದ?" ಅಂದ.

ತಪ್ಪು ಲೆಕ್ಕದಲ್ಲಿ ಇರಲಿಲ್ಲ, ಹೆಸರಿನಲ್ಲಿತ್ತು. ನಾನು ತುಮಕೂರಿನ ಕಡೆಯವನು. ನಮ್ಮಲ್ಲಿ ಜೋಳ ಅಂದರೆ ಮೊದಲು ನೆನಪಾಗೋದು ಮುಸುಕಿನ ಜೋಳ, ಅಂದರೆ ಮೆಕ್ಕೆಜೋಳ. ಹಾಗಾಗಿ ಅದಕ್ಕೆ ಬರೀ 'ಜೋಳ' ಅಂತ ಹಾಕಿ, ರೊಟ್ಟಿಯ ಜೋಳವನ್ನು ಕೆಳಗೆ 'ಬಿಳಿಜೋಳ' ಅಂತ ಇಟ್ಟಿದ್ದೆ. ಅವನಿಗೆ ಜೋಳ ಅಂದರೆ ರೊಟ್ಟಿಯ ಜೋಳವೊಂದೇ, ಮೆಕ್ಕೆಜೋಳಕ್ಕೆ ಅವನು ಅನ್ನೋದು ಗೋವಿನಜೋಳ. ಈಗ ಎರಡೂ ಕಡೆ ಪೂರ್ತಿ ಹೆಸರು ಹಾಕಿದ್ದೇನೆ. ಬಿಳಿಜೋಳದ ಪಕ್ಕ ಪುಟ್ಟ ರೊಟ್ಟಿಯ ಚಿತ್ರ, ಮೆಕ್ಕೆಜೋಳದ ಪಕ್ಕ ತೆನೆ. ಯಾರೂ ತಡವರಿಸಬಾರದು.

ಹೊಸಬರಿಗೆ ಒಂದು ಮಾತು: ನಾನು ಬಳಸುತ್ತಿರುವುದು ಕೇಂದ್ರ ಸರ್ಕಾರದ 2022-23ರ ಮನೆಬಳಕೆ ಖರ್ಚಿನ ಸಮೀಕ್ಷೆ. ದೇಶದಲ್ಲಿ 2,61,746 ಮನೆಗಳನ್ನು ಕೇಳಿದ್ದಾರೆ. ಮನೆವಾರು ಮಾಹಿತಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜಿಲ್ಲಾವಾರು ನಕ್ಷೆಯ ಆಸೆ ಬಿಟ್ಟೆ, ಒಂದೊಂದು ಜಿಲ್ಲೆಗೆ ಸಿಗುವ ಮನೆಗಳು ಕಡಿಮೆ. ಸಮೀಕ್ಷೆಯೇ ಕರ್ನಾಟಕವನ್ನು ನಾಲ್ಕು ಭಾಗ ಮಾಡಿದೆ: ಕರಾವಳಿ ಮತ್ತು ಘಟ್ಟ, ಪೂರ್ವ ಒಳನಾಡು, ದಕ್ಷಿಣ ಒಳನಾಡು, ಉತ್ತರ ಒಳನಾಡು. ಅದನ್ನೇ ಇಟ್ಟುಕೊಂಡೆ.

ಎರಡನೇ ತಪ್ಪು ಹಿಡಿದವರು ಅಮ್ಮ. ತರಕಾರಿ ಪುಟ ನೋಡಿ, "ತಿಂಗಳಿಗೆ ಇಷ್ಟೇನಾ? ಇದು ನಮಗೆ ಒಂದು ವಾರಕ್ಕೆ ಸಾಲಲ್ಲ ಕಣೋ" ಅಂದರು. ಅಕ್ಷರಶಃ ಸರಿ! ಅಕ್ಕಿ, ರಾಗಿ, ಬೇಳೆ, ಹಾಲಿನ ಬಗ್ಗೆ ಸಮೀಕ್ಷೆಯವರು ಕೇಳೋದು ಕಳೆದ 30 ದಿನದ ಲೆಕ್ಕ. ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಎಣ್ಣೆಗೆ ಕೇಳೋದು 7 ದಿನದ್ದು. ನಾನು ಎರಡನ್ನೂ ಹಾಗೇ ಒಂದೇ ಚಾರ್ಟಿಗೆ ಸುರಿದಿದ್ದೆ. 7 ದಿನದ ಅಂಕಿಗಳನ್ನು 30ರಿಂದ ಗುಣಿಸಿ 7ರಿಂದ ಭಾಗಿಸಿದ ಮೇಲೆ ಸೊಪ್ಪು, ಟೊಮ್ಯಾಟೊ, ಈರುಳ್ಳಿಯ ಪಟ್ಟಿಗಳೆಲ್ಲ ಮೊದಲಿನ ನಾಲ್ಕರಷ್ಟಕ್ಕಿಂತ ಜಾಸ್ತಿ ಮೇಲೆದ್ದವು. ಅಡುಗೆಮನೆ ನಡೆಸುವವರಿಗೆ ತೋರಿಸದೆ ಇನ್ನು ಮುಂದೆ ಯಾವ ಪುಟವನ್ನೂ ಮುಗಿಯಿತು ಅನ್ನಲಾರೆ.

ರೂಪಾಯಿ–ಕಿಲೋ ಬದಲಿಸುವ ಗುಂಡಿಯೂ ಬಂತು. ಇದು ನನಗೆ ತುಂಬ ಮುಖ್ಯ. ದೇಶದ ಹಳ್ಳಿಗಳ ತಿಂಗಳ ಖರ್ಚಿನಲ್ಲಿ ಧಾನ್ಯಗಳ ಪಾಲು 2011-12ರಲ್ಲಿ ಶೇ 10.75 ಇತ್ತು, 2022-23ರಲ್ಲಿ ಶೇ 4.91. ಇದನ್ನಷ್ಟೇ ನೋಡಿದವರು ಜನ ಅನ್ನ, ಮುದ್ದೆ ಅರ್ಧಕ್ಕರ್ಧ ಬಿಟ್ಟರು ಅಂದುಕೊಳ್ಳುತ್ತಾರೆ. ಆದರೆ ಇದು ದುಡ್ಡಿನ ಪಾಲು, ತಟ್ಟೆಯ ಪಾಲಲ್ಲ. ರೇಷನ್ನಿನಲ್ಲಿ ಪುಕ್ಕಟೆ ಸಿಕ್ಕ ಅಕ್ಕಿಯ ಬೆಲೆ ಈ ಅಂಕಿಯಲ್ಲಿ ಸೇರಿಲ್ಲ. ಅದಕ್ಕೇ ಪುಟ ತೆರೆದ ತಕ್ಷಣ ಕಾಣೋದು ಕಿಲೋ. ರೂಪಾಯಿ ಬೇಕಾದವರು ಒತ್ತಿ ನೋಡಲಿ.

ಮೊದಲು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಚಾರ್ಟ್ ಬರೆಯುವ ಒಂದು ತಂತ್ರಾಂಶ) ಚಿತ್ರ ಮಾಡುತ್ತಿದ್ದಾಗ 'ಮೆಕ್ಕೆಜೋಳ'ದ ಒತ್ತಕ್ಷರ ಒಡೆದು ಬರುತ್ತಿತ್ತು. ಬ್ರೌಸರಿನಲ್ಲೇ ಚಾರ್ಟ್ ಬರೆಯುವ ಡಿ3 ಅನ್ನೋ ತಂತ್ರಾಂಶಕ್ಕೆ ಬದಲಿಸಿದೆ. ಬ್ರೌಸರೇ ಅಕ್ಷರ ಜೋಡಿಸುವುದರಿಂದ ಆ ಕಾಟ ತಪ್ಪಿತು.

ಇನ್ನೂ ಬಗೆಹರಿಯದ್ದು ಹೋಟೆಲ್ ಊಟ. ಮನೆಯಲ್ಲಿ ತೊಳಸಿದ ಮುದ್ದೆ ರಾಗಿಯ ಲೆಕ್ಕಕ್ಕೆ ಬರುತ್ತದೆ. ಮಿಲಿಟರಿ ಹೋಟೆಲಿನಲ್ಲಿ ತಿಂದ ಮುದ್ದೆ 'ಕೊಂಡು ತಿಂದ ಊಟ' ಅನ್ನೋ ಸಾಲಿಗೆ ಹೋಗುತ್ತದೆ, ಅದರಲ್ಲಿ ರಾಗಿ ಎಷ್ಟು ಅಂತ ಬೇರೆ ಮಾಡಲಾಗದು. ಸದ್ಯಕ್ಕೆ ನಗರದ ರಾಗಿ ಪಟ್ಟಿಯ ಕೆಳಗೇ ಇದನ್ನು ಒಂದು ಸಾಲಿನಲ್ಲಿ ಬರೆದಿದ್ದೇನೆ. ಮುಂದಿನ ವಾರ ಮೀನಿನ ಪುಟ. ಕರಾವಳಿಯ ಅಡುಗೆಮನೆಯವರು ಒಬ್ಬರು ನೋಡಿಕೊಡಲು ಒಪ್ಪಿದ್ದಾರೆ.