ಬಲಗಡೆಯೇ ಏಕೆ? ಹಿಂದಿನ ಟೈರಿನ ತಕರಾರು ಬಗೆಹರಿದ ಬಗೆ

ನನ್ನ ಬೈಕಿನ ಹಿಂದಿನ ಟೈರು ಎಡಕ್ಕಿಂತ ಬಲಗಡೆಯೇ ಹೆಚ್ಚು ಸವೆಯುತ್ತಿದ್ದುದಕ್ಕೆ ಕಾರಣ ಸಿಕ್ಕಿತು. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಬಾಗಿಲ್ಲ, ಬೇರಿಂಗ್ ಹೋಗಿಲ್ಲ, ಚೈನು ಓರೆಯಾಗಿಲ್ಲ, ನಾನು ಸೀಟಿನ ಮೇಲೆ ಸೊಟ್ಟಗೆ ಕುಳಿತುಕೊಳ್ಳುವುದೂ ಇಲ್ಲ. ಕೊನೆಯ ಆರೋಪ ಮಾಡಿದ ಸೇಡಂನ ಗೆಳೆಯ ಇದನ್ನು ಓದುತ್ತಾನೆ ಎಂಬ ಭರವಸೆಯಿಂದಲೇ ಬರೆಯುತ್ತಿದ್ದೇನೆ.

ಗಾಡಿ ಪಲ್ಸರ್ ಎನ್‌ಎಸ್ 200. ಹಿಂದೆ 130/70-17 (ಅಗಲ 130 ಮಿ.ಮೀ., ಬದಿಯ ಎತ್ತರ ಅದರ ಶೇಕಡಾ 70, ರಿಮ್ಮು 17 ಇಂಚು), ಮುಂದೆ 100/80-17, ಕಂಪನಿ ಕೊಟ್ಟ ಅಳತೆಯೇ. ಟೈರು ಬಿಚ್ಚಿದ್ದು, ಬೀಡ್ (ರಿಮ್ಮನ್ನು ಕಚ್ಚಿ ಕೂರುವ ಟೈರಿನ ಅಂಚು) ಬಿಡಿಸಿದ್ದು, ವಾಲ್ವ್ ಬದಲಿಸಿದ್ದು ಇವನ್ನೆಲ್ಲ ಬರೆಯುವುದಿಲ್ಲ. ಬೀಡ್ ಬಿಡಿಸಲು ಹಳೆಯ ಕಾರಿನ ಜಾಕನ್ನು ಟ್ರ್ಯಾಕ್ಟರ್ ಟ್ರಾಲಿಯ ಅಡಿಯಲ್ಲಿ ಸಿಕ್ಕಿಸಿ ಒತ್ತುವ ಉಪಾಯ ಈಗಲೂ ಚೆನ್ನಾಗಿ ನಡೆಯುತ್ತಿದೆ. ಟ್ರಾಲಿಯ ಒಡೆಯರಾದ ಕಾಕಾ ಮಾತ್ರ ಪ್ರತಿ ಸಲವೂ ಟ್ರಾಲಿ ಎದ್ದು ಮಗುಚುತ್ತದೆ ಎಂಬ ಭಯದಿಂದ ದೂರ ನಿಂತು ನೋಡುತ್ತಾರೆ.

ಕಲಬುರಗಿಯವರಿಗೆ ತಿರುವು ಎಂಬುದು ಊರ ಪಕ್ಕದಲ್ಲಿ ಸಿಗುವ ವಸ್ತುವಲ್ಲ. ಸುತ್ತಲೂ ಕರಿನೆಲ, ತೊಗರಿ ಹೊಲ, ಕಣ್ಣು ಹಾಯುವಷ್ಟು ದೂರ ನೇರ ರಸ್ತೆ. ತಿರುವು ಬೇಕಾದರೆ ಸುಮಾರು 80 ಕಿಲೋಮೀಟರ್ ದೂರದ ಚಿಂಚೋಳಿಯನ್ನು ತಲುಪಿ, ಅಲ್ಲಿಂದ ಕುಂಚಾವರಂ ಕಾಡಿನ ಕಡೆ ಹೊರಳಬೇಕು. ಇಲ್ಲವೇ ದಕ್ಷಿಣಕ್ಕೆ ಇಳಿದು ಶಹಾಪುರ, ಸುರಪುರದ ಬಂಡೆಗುಡ್ಡಗಳ ನಡುವಿನ ದಾರಿ ಹಿಡಿಯಬೇಕು. ಹೀಗಾಗಿ ನಮ್ಮ ಟೈರುಗಳು ಮೊದಲು ನಡುವೆ ಸವೆಯುತ್ತವೆ. ಅದರಲ್ಲಿ ರಹಸ್ಯವೇನಿಲ್ಲ. ನನ್ನನ್ನು ಕಾಡಿದ್ದು ನಡುಪಟ್ಟಿಯಾಚೆಗಿನ ಎರಡು ಭುಜಗಳ ವ್ಯತ್ಯಾಸ. ಎಡಭುಜದ ಗೀರುಗಳು ಇನ್ನೂ ಆಳವಾಗಿದ್ದಾಗ ಬಲಭುಜದವು ಕಣ್ಣಿಗೆ ಕಾಣುವಷ್ಟು ತೆಳುವಾಗಿದ್ದವು.

ಅಳತೆಗಳನ್ನು ಕೊಡುತ್ತೇನೆ. ನಡುವಿನಿಂದ 20 ಮಿಲಿಮೀಟರ್ ದೂರದ ಗೀರುಗಳಲ್ಲಿ ಎಡಗಡೆ ಉಳಿದಿದ್ದು 3.9 ಮಿ.ಮೀ., ಬಲಗಡೆ 2.9. ಎಡ ಬಲದ ಗೀರುಗಳನ್ನು ಕಂಪನಿಯೇ ಬೇರೆ ಬೇರೆ ಆಳಕ್ಕೆ ಕೊರೆದಿರಬಹುದು ಎಂದು ಯಾರಾದರೂ ತಕರಾರು ತೆಗೆಯುವ ಮುನ್ನವೇ ಹೇಳಿಬಿಡುತ್ತೇನೆ: ಅಂಗಡಿಗೆ ಹೋಗಿ ಅದೇ ಮಾದರಿಯ ಹೊಸ ಟೈರಿನ ಅದೇ ಗೀರುಗಳನ್ನು ಅಳೆದು ಬಂದಿದ್ದೇನೆ. ಎರಡೂ ಕಡೆ 6 ಮಿ.ಮೀ. ಕೊಳ್ಳದೆ ಬರೀ ಅಳೆದು ಹೋಗುವ ಗಿರಾಕಿಯನ್ನು ಅಂಗಡಿಯವನು ಹೇಗೆ ನೋಡಿದ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಅಂದರೆ ಎಡಗಡೆ ಸವೆದದ್ದು 2.1, ಬಲಗಡೆ 3.1. ಹೆಚ್ಚುಕಡಿಮೆ ಒಂದೂವರೆ ಪಟ್ಟು.

ಈ ಅಂಕಿಗಳನ್ನು ಹಿಡಿದುಕೊಂಡು ಹೋದರೆ ಒಬ್ಬೊಬ್ಬರದು ಒಂದೊಂದು ರೋಗನಿದಾನ. ರಿಂಗ್ ರಸ್ತೆಯ ಪಂಕ್ಚರ್ ಚಾಚಾ ಟೈರಿನ ಮೇಲೆ ಕೈಯಾಡಿಸಿ, "ಸರ್, ಗಾಡಿ ಎಲ್ಲೋ ಬಿದ್ದಿದೆ, ಚೇಸಿಸ್ ಬಾಗಿದೆ" ಎಂದರು. ಬಿದ್ದಿಲ್ಲ ಚಾಚಾ ಎಂದರೆ, "ನಿಮಗೆ ಗೊತ್ತಿಲ್ಲದೆ ಬಿದ್ದಿರಬಹುದು" ಎಂದರು. ಇನ್ನೊಬ್ಬರು ಸೈಲೆನ್ಸರಿನ ಬಿಸಿ ಬಲಗಡೆಯ ರಬ್ಬರನ್ನು ಮೆದುಗೊಳಿಸುತ್ತದೆ ಎಂಬ ಸಿದ್ಧಾಂತ ಮಂಡಿಸಿದರು. ನನ್ನ ಗಾಡಿಯ ಸೈಲೆನ್ಸರು ಎಂಜಿನ್ನಿನ ಹೊಟ್ಟೆಯ ಕೆಳಗಿದೆ ಎಂದು ತೋರಿಸಿದ ಮೇಲೂ ಅವರು ಸಿದ್ಧಾಂತ ಬಿಡಲಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದರಿಂದ ಹೀಗಾಗುತ್ತದೆ ಎಂದವರೂ ಇದ್ದಾರೆ. ಸ್ಟ್ಯಾಂಡು ಎಡಕ್ಕೆ ವಾಲಿಸುತ್ತದೆ, ಸವೆಯುತ್ತಿರುವುದು ಬಲಗಡೆ ಎಂದರೆ, "ಅದೇ ಮತ್ತೆ" ಎಂಬ ಉತ್ತರ ಬಂತು.

ಅನುಮಾನ ತೀರಿಸಿಕೊಳ್ಳಲು ಚಕ್ರಗಳ ಸಾಲು ನೋಡಿದೆ. ಸ್ವಿಂಗ್‌ಆರ್ಮ್ ಮೇಲಿನ ಗುರುತುಗಳನ್ನು ನಾನು ನಂಬುವುದಿಲ್ಲ. ಅದು ತಿರುಗುವ ಕೀಲಾದ ಪಿವೋಟಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಬದಿ ಅಳೆದು ಸರಿಮಾಡಿಕೊಂಡು, ಹಿಂದಿನ ಟೈರಿಗೆ ತಾಗಿಸಿ ದಾರವನ್ನು ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ಎಳೆದು ಕಟ್ಟಿದೆ. ಹಿಂದಿನದು 130, ಮುಂದಿನದು 100, ಹಾಗಾಗಿ ದಾರಕ್ಕೂ ಮುಂದಿನ ಟೈರಿಗೂ ನಡುವೆ ಎರಡೂ ಬದಿ 15 ಮಿ.ಮೀ. ಆಸುಪಾಸು ಇರಬೇಕು. ಇತ್ತು. ಚಕ್ರ ಎತ್ತಿ ಅಲುಗಾಡಿಸಿದರೆ ಬೇರಿಂಗಿನಲ್ಲಿ ಸಡಿಲವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೇಡಂನ ಗೆಳೆಯನ ಗಾಡಿ ಬೇರೆ ಕಂಪನಿಯದು, ಟೈರು ಬೇರೆ, ಸವಾರನ ತೂಕ ಬೇರೆ, ರಸ್ತೆ ಮಾತ್ರ ಒಂದೇ. ಅವನ ಟೈರನ್ನೂ ಅಳೆದೆ. ಅಲ್ಲಿಯೂ ಬಲಗಡೆಯೇ ಹೆಚ್ಚು. ಎರಡು ಗಾಡಿಗಳ ಚೇಸಿಸ್ ಒಂದೇ ದಿಕ್ಕಿಗೆ ಬಾಗಿವೆ ಎಂದು ಚಾಚಾ ಕೂಡ ಹೇಳಲಾರರು. ಹೇಳಿದರೂ ಹೇಳಿಯಾರು.

ಇಲ್ಲಿಂದ ಮುಂದೆ ನಿಜವಾದ ತಲೆನೋವು ಶುರುವಾಯಿತು. ಹೋಗುವಾಗ ಎಡಕ್ಕೆ ತಿರುಗುವ ರಸ್ತೆ ಬರುವಾಗ ಬಲಕ್ಕೆ ತಿರುಗುತ್ತದೆ. ಹೋದ ದಾರಿಯಲ್ಲೇ ಮರಳಿ ಬಂದರೆ ಎಡ ಬಲದ ಲೆಕ್ಕ ಚುಕ್ತಾ ಆಗಬೇಕು. ಆಗುತ್ತಿಲ್ಲ.

ಹಳೆಯ ಸವಾರರು ಇದಕ್ಕೆ ಕೊಡುವ ಉತ್ತರ ಎಲ್ಲರಿಗೂ ಗೊತ್ತು: ನಾವು ರಸ್ತೆಯ ಎಡಬದಿಯಲ್ಲಿ ಓಡಿಸುತ್ತೇವೆ, ಆದ್ದರಿಂದ ಬಲ ತಿರುವಿನಲ್ಲಿ ಹೊರವೃತ್ತದಲ್ಲಿರುತ್ತೇವೆ, ದಾರಿ ಉದ್ದವಾಗುತ್ತದೆ, ಟೈರು ಹೆಚ್ಚು ಹೊತ್ತು ಬಲಕ್ಕೆ ವಾಲಿರುತ್ತದೆ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. 7 ಮೀಟರ್ ಅಗಲದ ರಸ್ತೆ, 50 ಮೀಟರ್ ತ್ರಿಜ್ಯದ ತಿರುವು ಎಂದುಕೊಳ್ಳಿ. ಎಡ ತಿರುವಿನಲ್ಲಿ ನಮ್ಮ ಸಾಲಿನ ತ್ರಿಜ್ಯ 48.25, ಬಲ ತಿರುವಿನಲ್ಲಿ 51.75. ಬಲ ತಿರುವು ಶೇಕಡಾ 7ರಷ್ಟು ಉದ್ದ, ಸರಿ. ಆದರೆ ಅದೇ ವೇಗದಲ್ಲಿ ದೊಡ್ಡ ವೃತ್ತದಲ್ಲಿ ಹೋದರೆ ಟೈರನ್ನು ಪಕ್ಕಕ್ಕೆ ತಳ್ಳುವ ಅಡ್ಡಬಲ ಕಡಿಮೆಯಾಗುತ್ತದೆ. ರಬ್ಬರಿನ ಸವೆತ ಅಡ್ಡಬಲದ ವರ್ಗಕ್ಕೆ ಅನುಗುಣ ಎಂದು ಹಿಡಿದರೆ (ಅಡ್ಡಬಲ ಹೆಚ್ಚಿದಂತೆ ಜಾರುವಿಕೆಯೂ ಹೆಚ್ಚುತ್ತದೆ, ಸವೆತ ಈ ಎರಡರ ಗುಣಲಬ್ಧ), ಬಲಗಡೆ ಶೇಕಡಾ 7ರಷ್ಟು ಕಡಿಮೆಯೇ ಸವೆಯಬೇಕು! ಎಲ್ಲರೂ ತಲೆಯಾಡಿಸುವ ಸಿದ್ಧಾಂತ ಉಲ್ಟಾ ಉತ್ತರ ಕೊಟ್ಟಿತು.

ಎರಡನೆಯ ಉತ್ತರ ರಸ್ತೆಯ ಉಬ್ಬು. ಮಳೆನೀರು ಹರಿದುಹೋಗಲಿ ಎಂದು ಡಾಂಬರು ರಸ್ತೆಯನ್ನು ನಡುವೆ ಎತ್ತರಿಸಿ ಅಂಚಿಗೆ ಶೇಕಡಾ 2ರಿಂದ 2.5ರಷ್ಟು ಇಳಿಜಾರು ಕೊಡುತ್ತಾರೆ. ಎಡಬದಿಯಲ್ಲಿರುವ ನಾವು ಎಡಕ್ಕೆ ಇಳಿಯುವ ನೆಲದ ಮೇಲೆ ನೆಟ್ಟಗೆ ಹೋಗುತ್ತಿರುತ್ತೇವೆ, ಹಾಗಾಗಿ ಟೈರು ನೆಲವನ್ನು ತುಸು ಬಲಗಡೆಯಿಂದ ಮುಟ್ಟುತ್ತದೆ. ಎಷ್ಟು ತುಸು? ನನ್ನ ಟೈರಿನ ಮೇಲ್ಮೈ ವಕ್ರತೆಯ ತ್ರಿಜ್ಯ ಸುಮಾರು 65 ಮಿ.ಮೀ. ಅದನ್ನು 0.025ರಿಂದ ಗುಣಿಸಿದರೆ 1.6 ಮಿ.ಮೀ. ಇಷ್ಟರಿಂದ 20 ಮಿ.ಮೀ. ದೂರದ ಭುಜ ಸವೆಯುವುದು ಸಾಧ್ಯವಿಲ್ಲ. ನೆಲ ಅಲ್ಲಿ ತಾಗಬೇಕಾದರೆ ಗಾಡಿ 17-18 ಡಿಗ್ರಿ ವಾಲಬೇಕು, ಅಂದರೆ 50 ಮೀಟರ್ ತಿರುವಿನಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗ. ಆ ಭುಜ ಸವೆಯುವುದು ತಿರುವಿನಲ್ಲೇ.

ಈ ಹಂತದಲ್ಲಿ ಕಾಗದ ಮಡಚಿಟ್ಟು ಹಳೆಯ ಲೂನಾ ಮೊಪೆಡ್ಡಿನ ದುರಸ್ತಿ ಕೆಲಸಕ್ಕೆ ಹೋದೆ. ಆಳಂದದ ಮಾವನ ಮನೆಯ ಕೊಟ್ಟಿಗೆಯಲ್ಲಿದ್ದ ಲೂನಾ ಕೊನೆಗೂ ನನ್ನ ಅಂಗಳಕ್ಕೆ ಬಂದಿದೆ. ಪೆಡಲು ತಿರುಗುತ್ತದೆ, ಉಳಿದದ್ದು ಯಾವುದೂ ತಿರುಗುವುದಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲು ಒಣಗಿ ಅರಗಿನಂತಾಗಿದೆ, ಟ್ಯಾಂಕಿನಲ್ಲಿ ಒಂದು ಗುಂಗಿಹುಳದ ಸಂಸಾರವಿತ್ತು. ಅದರ ಕಥೆ ಇನ್ನೊಮ್ಮೆ. ಅದರ ಬೋಳು ಟೈರನ್ನು ತಿರುಗಿಸಿ ನೋಡುತ್ತಿದ್ದಾಗ ತಲೆಗೆ ಬಂದದ್ದು ಇಷ್ಟು: ಉಬ್ಬನ್ನೂ ತಿರುವನ್ನೂ ನಾನು ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದೆ. ಒಟ್ಟಿಗೆ ಹಾಕಿರಲಿಲ್ಲ.

ಹೆದ್ದಾರಿಯ ತಿರುವುಗಳಲ್ಲಿ ಹೊರ ಅಂಚನ್ನು ಎತ್ತರಿಸಿರುತ್ತಾರೆ. ಕುಂಚಾವರಂ ಕಡೆಯ ಹಳೆಯ ಒಳರಸ್ತೆಯಲ್ಲಿ ಅನೇಕ ತಿರುವುಗಳಿಗೆ ಆ ಭಾಗ್ಯವಿಲ್ಲ, ನೇರ ರಸ್ತೆಯ ಉಬ್ಬೇ ತಿರುವಿನಲ್ಲೂ ಮುಂದುವರಿಯುತ್ತದೆ. ಎಡಕ್ಕೆ ತಿರುಗುವಾಗ ನೆಲ ಒಳಗಡೆಗೆ ಇಳಿದಿರುವುದರಿಂದ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬಲಕ್ಕೆ ತಿರುಗುವಾಗ ಅದೇ ಇಳಿಜಾರು ಹೊರಗಡೆಗೆ ತಳ್ಳುತ್ತದೆ. ಆ ಕೊರತೆಯನ್ನೆಲ್ಲ ಟೈರಿನ ಬಲಭುಜವೇ ತುಂಬಿಕೊಡಬೇಕು. ಎರಡೂ ಕಡೆ 45 ಕಿಲೋಮೀಟರ್ ವೇಗವಿಟ್ಟು ಇದನ್ನು ಲೆಕ್ಕಕ್ಕೆ ಸೇರಿಸಿದರೆ ಬಲಗಡೆಯ ಸವೆತ ಎಡದ್ದಕ್ಕಿಂತ ಸುಮಾರು 1.28 ಪಟ್ಟಾಗುತ್ತದೆ. ದಿಕ್ಕು ಸರಿಯಾಯಿತು, ಪ್ರಮಾಣ ಸಾಲದು.

ಉಳಿದದ್ದು ವೇಗ. ಬಲ ತಿರುವಿನಲ್ಲಿ ನಮ್ಮ ಮುಂದೆ ಇಡೀ ರಸ್ತೆಯ ಅಗಲ ಬಿಚ್ಚಿಕೊಂಡಿರುತ್ತದೆ, ಎದುರಿನ ಗಾಡಿ ಬೇಗ ಕಾಣುತ್ತದೆ. ಎಡ ತಿರುವಿನಲ್ಲಿ ಪೊದೆ ನಮ್ಮ ಕಿವಿಗೇ ತಾಗುತ್ತಿರುತ್ತದೆ, ಅದರಾಚೆ ಎಮ್ಮೆ ನಿಂತಿದೆಯೋ ಟಂಟಂ ಬರುತ್ತಿದೆಯೋ ತಿಳಿಯುವುದಿಲ್ಲ. ಕೈ ತಾನಾಗಿ ಸಡಿಲವಾಗುತ್ತದೆ. ಮೊಬೈಲಿನ ಜಿಪಿಎಸ್ ದಾಖಲೆಯನ್ನು ತೆರೆದು ಒಂದೇ ತಿರುವಿನ ಹೋಗುವ, ಬರುವ ವೇಗಗಳನ್ನು ಜೋಡಿಸಿ ನೋಡಿದೆ. ಒಂದು ತಿರುವಿನ ಮಟ್ಟಿಗೆ ಅದರ ಅಂಕಿಯನ್ನು ನಂಬಲಾಗದು, ಆದರೆ ಎಲ್ಲ ತಿರುವುಗಳ ಸರಾಸರಿ ತೆಗೆದಾಗ ಎಡಕ್ಕೆ 44, ಬಲಕ್ಕೆ 46 ಬಂತು. ಬರೀ ಎರಡು ಕಿಲೋಮೀಟರ್! ಅದನ್ನು ಲೆಕ್ಕಕ್ಕೆ ತುಂಬಿದರೆ 1.53 ಪಟ್ಟು. ಟೈರಿನ ಮೇಲೆ ಅಳೆದದ್ದು 1.48. ಇಷ್ಟು ಚೆನ್ನಾಗಿ ಹೊಂದಿಕೊಂಡದ್ದೇ ಅನುಮಾನಕ್ಕೆ ಎಡೆಮಾಡುತ್ತದೆ ಎಂಬುದು ನನಗೂ ಗೊತ್ತು. 65 ಮಿ.ಮೀ. ತ್ರಿಜ್ಯವೂ 50 ಮೀಟರ್ ತಿರುವೂ ಅಂದಾಜಿನವು. ಆದರೂ ಆ ರಾತ್ರಿ ಹೆಂಡತಿಯನ್ನು ಕರೆದು ಕಾಗದ ತೋರಿಸಿದೆ. "ಹಾಗಾದರೆ ಬಲಕ್ಕೂ ನಿಧಾನವಾಗಿ ಹೋಗಿ" ಎಂದಳು.

ಚಾಚಾರ ಪರಿಹಾರ ಇನ್ನೂ ಸುಲಭದ್ದು: "ಟೈರನ್ನು ಉಲ್ಟಾ ಹಾಕಿಬಿಡೋಣ, ಎಡಗಡೆಯೂ ಸವೆಯಲಿ." ಬಾಣದ ಗುರುತಿಲ್ಲದ ಹಳೆಯ ಟೈರಾಗಿದ್ದರೆ ಒಪ್ಪುತ್ತಿದ್ದೆ. ಇದರ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣವಿದೆ. ಗೀರುಗಳು ನೀರನ್ನು ಹೊರಕ್ಕೆ ದೂಡುವುದು ಆ ದಿಕ್ಕಿಗೆ ತಿರುಗಿದಾಗ, ನೆಲ ಮುಟ್ಟುವ ಟ್ರೆಡ್ ರಬ್ಬರಿನ ಬೆಸುಗೆಯೂ ಎಂಜಿನ್ನಿನ ಎಳೆತವನ್ನು ತಡೆಯುವಂತೆ ಒಂದೇ ದಿಕ್ಕಿಗೆ ಕೂಡಿರುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಹೊಲದಿಂದ ತಂದು ಡಾಂಬರಿನ ಮೇಲೆ ಬಳಿಯುವ ಕರಿಮಣ್ಣಿನ ಮೇಲೆ ಇಂಥ ಪ್ರಯೋಗ ಬೇಡ.

ಇಷ್ಟೆಲ್ಲ ಆದ ಮೇಲೆ ಟೈರು ಬದಲಿಸಿದ್ದು ಯಾವ ಕಾರಣಕ್ಕೆ? ನಡುಪಟ್ಟಿ ಬೋಳಾಗಿದ್ದಕ್ಕೆ. ಬಲಭುಜದಲ್ಲಿ ಇನ್ನೂ 2.9 ಮಿ.ಮೀ. ಇರುವಾಗಲೇ ನಡುವೆ ಸವೆತದ ಗುರುತು ಮೇಲಕ್ಕೆ ಬಂದಿತ್ತು. ನೇರ ರಸ್ತೆಯಲ್ಲಿ ಸಪಾಟಾದ ನಡುಪಟ್ಟಿಗೂ ಭುಜಕ್ಕೂ ನಡುವೆ ಒಂದು ಏಣು ಎದ್ದು, ಗಾಡಿ ತಿರುವಿಗೆ ಮೊದಲು ಮೊಂಡು ಹಿಡಿದು ಆಮೇಲೆ ಒಮ್ಮೆಲೇ ಬೀಳುತ್ತಿತ್ತು. ಹಾಗಾಗಿ ಆಯ್ಕೆಯ ವಿಷಯದಲ್ಲಿ ನನ್ನ ಮತ ಈಗ ಗಟ್ಟಿಯಾಗಿದೆ: ನಮ್ಮ ಭಾಗದವರು ಟೈರು ಕೊಳ್ಳಬೇಕಾದದ್ದು ತಿರುವಿಗಾಗಿ ಅಲ್ಲ, ತಿರುವಿನವರೆಗಿನ ದಾರಿಗಾಗಿ. ಮೆತ್ತನೆಯ ರಬ್ಬರು ಚಿಂಚೋಳಿ ತಲುಪುವಷ್ಟರಲ್ಲೇ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ನಡುವೆ ಗಟ್ಟಿ, ಭುಜದಲ್ಲಿ ಮೆತ್ತಗೆ ಇರುವ ಎರಡು ರಬ್ಬರಿನ ಟೈರು ಆದರ್ಶ, ಆದರೆ ನನ್ನ ಅಳತೆಗೆ ಊರಿನಲ್ಲಿ ಸಿಗಲಿಲ್ಲ. ಕೆಂಪು ಜಂಬಿಟ್ಟಿಗೆ ಮಣ್ಣಿನ ದಾರಿಗೆಂದು ದಪ್ಪ ರಬ್ಬರ್ ಗುಂಡಿಗಳ ಟೈರು ಹಾಕಿಸಿಕೊಳ್ಳುವವರೂ ಇದ್ದಾರೆ. ಮೇ ತಿಂಗಳ ಡಾಂಬರಿನ ಮೇಲೆ ಆ ಗುಂಡಿಗಳು ಏನಾಗುತ್ತವೆ ಎಂಬುದನ್ನು ಅವರೇ ಬರೆಯಲಿ.

ಅಂಗಡಿಯವನು 140/70 ಹಾಕಿಸಿಕೊಳ್ಳಿ, ಗಾಡಿ ತುಂಬಿಕೊಂಡು ಕಾಣುತ್ತದೆ ಎಂದು ಹಟ ಹಿಡಿದ. ವ್ಯಾಸ 614ರಿಂದ 628 ಮಿ.ಮೀ.ಗೆ ಏರುತ್ತದೆ, ಅದೇ ರಿಮ್ಮಿನಲ್ಲಿ ಬದಿಗಳು ಒಳಕ್ಕೆ ಹಿಸುಕಿಕೊಂಡು ನಡು ಚೂಪಾಗುತ್ತದೆ, ನೆಲ ತಾಗುವ ಜಾಗ ಇನ್ನೂ ಇಕ್ಕಟ್ಟಾಗುತ್ತದೆ. ಅಂಚಿನ ರಬ್ಬರು ಕೊನೆಯವರೆಗೂ ಹೊಸದಾಗಿಯೇ ಉಳಿಯುತ್ತದೆ. ಬೇಡ ಎಂದೆ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ್ದ ಟೈರು ಇನ್ನೆರಡರ ಜೊತೆ ಹಗ್ಗದಲ್ಲಿ ಬಿಗಿದು, ಬದಿ ಮಡಚಿಕೊಂಡು ಬಂದಿತ್ತು. ತಯಾರಿಕೆಯ ಸಂಖ್ಯೆ 0821, ಅಂದರೆ 2021ರ ಎಂಟನೆಯ ವಾರ. "ಹೊಚ್ಚ ಹೊಸದು" ಎಂದು ಮಾರಿದವರಿಗೆ ವಾಪಸು ಕಳುಹಿಸಲು ಪಟ್ಟ ಪಾಡಿಗೆ ಹೋಲಿಸಿದರೆ ಮೇಲಿನ ಲೆಕ್ಕವೆಲ್ಲ ಮಕ್ಕಳಾಟ. ಕೊನೆಗೆ ಹಳೆಯ ಅಳತೆಯದೇ, ದೂರ ಪ್ರಯಾಣಕ್ಕೆಂದು ಮಾಡಿದ ಗಟ್ಟಿ ರಬ್ಬರಿನ ಟೈರು ಹಾಕಿಸಿದೆ.

ಗಾಳಿಯ ಬಗ್ಗೆ ಒಂದು ಮಾತು, ಏಕೆಂದರೆ ಗೆಳೆಯರು ಇನ್ನೂ ಮಧ್ಯಾಹ್ನವೇ ಗಾಳಿ ನೋಡಿಸುತ್ತಾರೆ. ಬೆಳಗಿನ 25 ಡಿಗ್ರಿಯಲ್ಲಿ 28 ಪಿಎಸ್‌ಐ ಇದ್ದದ್ದು 42 ಡಿಗ್ರಿ ಬಿಸಿಲಿನಲ್ಲಿ ನಿಂತಲ್ಲೇ 30 ದಾಟುತ್ತದೆ. "ಹೆಚ್ಚಾಗಿದೆ" ಎಂದು ಆಗ 28ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ 26ಕ್ಕಿಂತ ಕಡಿಮೆ ಇರುತ್ತದೆ. ಬೆಳಿಗ್ಗೆ ಮನೆಯಲ್ಲೇ, ನಿಮ್ಮದೇ ಗೇಜಿನಿಂದ ನೋಡಿ.

ಹೊಸ ಟೈರಿನ ಗೀರುಗಳನ್ನು ಅಳೆದು ಬರೆದಿಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯುತ್ತೇನೆ. ಬೀದರ, ಯಾದಗಿರಿ ಕಡೆಯವರು ತಮ್ಮ ಟೈರಿನ ಎಡ ಬಲದ ಆಳ ಕಳುಹಿಸಿದರೆ ಉಪಕಾರವಾಗುತ್ತದೆ. ನಡುವಿನಿಂದ ಎಷ್ಟು ದೂರದ ಗೀರು, ಹೊಸದರ ಆಳ ಎಷ್ಟಿತ್ತು ಎಂಬುದೂ ಬೇಕು. ಫೋಟೊ ಮಾತ್ರ ಬೇಡ, ಫೋಟೊದಲ್ಲಿ ಎಲ್ಲರ ಟೈರೂ ಚೆನ್ನಾಗಿಯೇ ಇರುತ್ತದೆ.