ಕಮಾಡಿಟಿಗೆ ಎಷ್ಟು ದುಡ್ಡು ಬೇಕು ಎಂದು ಕೇಳುವವರಿಗೆ

ಕಮಾಡಿಟಿ ಟ್ರೇಡಿಂಗ್ (ತೈಲ, ಚಿನ್ನದಂತಹ ಸರಕುಗಳ ವಹಿವಾಟು) ಶುರು ಮಾಡಲು ಕನಿಷ್ಠ ಎಷ್ಟು ಹಣ ಬೇಕು ಎಂದು ಕೇಳುವವರಿಗೆ ಇಷ್ಟು ದಿನ ನಯವಾಗಿಯೇ ಉತ್ತರಿಸುತ್ತಿದ್ದೆ. ಮೊನ್ನೆ ಒಬ್ಬರು ನನ್ನ ಮಾತು ಮುಗಿಯುವ ಮೊದಲೇ, ‘ಮಾರ್ಜಿನ್ ಹೋದರೆ ಹೋಗಲಿ ಬಿಡಿ, ಅಷ್ಟೇ ತಾನೇ?’ ಎಂದರು. ಅಷ್ಟೇ ಅಲ್ಲ ಸ್ವಾಮಿ.

ಮಾರ್ಜಿನ್ ಎಂಬುದು ನೀವು ಕೊಂಡ ಸರಕಿನ ಬೆಲೆಯೂ ಅಲ್ಲ, ನಿಮ್ಮ ನಷ್ಟದ ಮಿತಿಯೂ ಅಲ್ಲ. ಒಪ್ಪಂದಕ್ಕೆ ತಪ್ಪುವುದಿಲ್ಲವೆಂದು ಇಟ್ಟ ಠೇವಣಿ. ನ್ಯೂಯಾರ್ಕ್‌ನ ಕಚ್ಚಾ ತೈಲದ ಫ್ಯೂಚರ್ಸ್‌ನಲ್ಲಿ (ಮುಂದಿನ ತಿಂಗಳುಗಳ ಸರಕಿಗೆ ಇಂದೇ ಬೆಲೆ ಗೊತ್ತುಮಾಡುವ ಕಾಂಟ್ರ್ಯಾಕ್ಟ್‌ಗಳಲ್ಲಿ) ಒಂದು ಲಾಟ್ ಎಂದರೆ 1,000 ಬ್ಯಾರೆಲ್. ಬ್ಯಾರೆಲ್‌ಗೆ 60 ಡಾಲರ್, ಮಾರ್ಜಿನ್ 6,000 ಡಾಲರ್ ಎಂದಿಟ್ಟುಕೊಳ್ಳಿ. ನೀವು 60,000 ಡಾಲರ್ ಸರಕಿನ ಏರಿಳಿತವನ್ನು ತಲೆಯ ಮೇಲೆ ಹೊತ್ತಿದ್ದೀರಿ, ಬೆಲೆ ಶೇ. 10ರಷ್ಟು ಇಳಿದರೆ ಕಟ್ಟಿದ್ದೆಲ್ಲ ಖಾಲಿ. ಲಾಭನಷ್ಟದ ಲೆಕ್ಕ ಪ್ರತಿದಿನವೂ ಚುಕ್ತಾ ಆಗುವುದರಿಂದ, ‘ಕಾಯುತ್ತೇನೆ, ಮತ್ತೆ ಏರುತ್ತದೆ’ ಎಂಬ ಷೇರುದಾರರ ಸಮಾಧಾನ ಇಲ್ಲಿ ನಡೆಯುವುದಿಲ್ಲ: ಇನ್ನಷ್ಟು ಹಣ ಕಟ್ಟಿ ಎಂಬ ಮಾರ್ಜಿನ್ ಕಾಲ್ ಬಂದಾಗ ಹಣ ತುಂಬದಿದ್ದರೆ ಬ್ರೋಕರ್ ನಿಮ್ಮನ್ನು ಕೇಳದೆಯೇ ಮಾರಿಬಿಡಬಹುದು, ಆಮೇಲೂ ಉಳಿದ ಬಾಕಿಯನ್ನು ನಿಮ್ಮಿಂದಲೇ ವಸೂಲು ಮಾಡಬಹುದು. ಸ್ಟಾಪ್‌ಲಾಸ್ ಇದೆಯಲ್ಲ ಎನ್ನಬೇಡಿ. ಅದು ಬೆಲೆ ಇಷ್ಟಕ್ಕಿಳಿದರೆ ಮಾರಿ ಹೊರಬೀಳುವ ಆರ್ಡರ್ ಅಷ್ಟೇ, ಇಂತಹದೇ ಬೆಲೆ ಸಿಗುತ್ತದೆ ಎಂಬ ಖಾತರಿಯಲ್ಲ.

‘ಪೂರ್ತಿ ಹಣ ಇಟ್ಟುಕೊಂಡೇ ಇಳಿದರೆ?’ ಎನ್ನುವ ಜಾಣರೂ ಇದ್ದಾರೆ. ಅವರು 2020ರ ಏಪ್ರಿಲ್ 20ನ್ನು ನೋಡಬೇಕು. ಕೊರೊನಾದಿಂದ ತೈಲದ ಬೇಡಿಕೆ ಕುಸಿದಿತ್ತು. ಮೇ ತಿಂಗಳ ಕಾಂಟ್ರ್ಯಾಕ್ಟ್ ಮಾರನೆಯ ದಿನ ಮುಗಿಯುವುದಿತ್ತು. ಅದನ್ನು ಕೈಯಲ್ಲಿ ಉಳಿಸಿಕೊಂಡವರು ಅಮೆರಿಕದ ಓಕ್ಲಹೋಮಾ ರಾಜ್ಯದ ಕುಶಿಂಗ್‌ನಲ್ಲಿ ತೈಲವನ್ನು ವಹಿಸಿಕೊಳ್ಳಬೇಕಿತ್ತು, ಆದರೆ ಹೊಸದಾಗಿ ಹೋದವರಿಗೆ ಅಲ್ಲಿ ಟ್ಯಾಂಕ್ ಸಿಗುವುದೇ ದುಸ್ತರವಾಗಿತ್ತು. ಹಿಂದಿನ ವಹಿವಾಟಿನ ದಿನ 18.27 ಡಾಲರ್‌ಗೆ ಮುಗಿದಿದ್ದ ಬೆಲೆ ಅಂದು ಮೈನಸ್ 37.63ಕ್ಕೆ ಬಂದು ನಿಂತಿತು, ಅಂದರೆ ಕೊಳ್ಳುವವನಿಗೆ ಮಾರುವವನೇ ಹಣ ಕೊಡಬೇಕಾದ ಸ್ಥಿತಿ. ಒಂದು ಲಾಟ್‌ಗೆಂದು 18,270 ಡಾಲರ್ ಪೂರ್ತಿ ಎತ್ತಿಟ್ಟುಕೊಂಡಿದ್ದವನೂ ಅಷ್ಟನ್ನೂ ಕಳೆದುಕೊಂಡು, ಮೇಲೆ 37,630 ಡಾಲರ್ ಬಾಕಿದಾರನಾಗುವ ಲೆಕ್ಕವಿದು. (ಸೊನ್ನೆಗಿಂತ ಕೆಳಗಿನ ಬೆಲೆಯನ್ನು ಕೆಲವು ಬ್ರೋಕರ್‌ಗಳ ತಂತ್ರಾಂಶವೇ ಅರಗಿಸಿಕೊಳ್ಳಲಿಲ್ಲ ಎಂಬುದು ಬೇರೆ ಮಾತು.)

ಆದ್ದರಿಂದ ಎಷ್ಟು ಹಣ ಬೇಕೆಂದು ನನ್ನನ್ನು ಕೇಳಬೇಡಿ. ಕಾಂಟ್ರ್ಯಾಕ್ಟ್ ಮುಗಿಯುವ ದಿನ ಏನಾಗುತ್ತದೆ ಎಂದು ಕೇಳಿ, ಕೂತು ಸಾವಧಾನವಾಗಿ ಹೇಳುತ್ತೇನೆ. ಸರಕನ್ನೇ ವಹಿಸಿಕೊಳ್ಳಬೇಕೋ, ನಗದಿನಲ್ಲಿ ಚುಕ್ತಾ ಆಗುತ್ತದೋ? ಮುಂದಿನ ತಿಂಗಳ ಕಾಂಟ್ರ್ಯಾಕ್ಟ್ ದುಬಾರಿಯಿದ್ದರೆ, ಕೈಯಲ್ಲಿರುವುದನ್ನು ಮಾರಿ ಅದಕ್ಕೆ ದಾಟುತ್ತಲೇ ಹೋಗುವವನ ಗತಿಯೇನು? ಎದುರಿಗೆ ಮಾರುತ್ತಿರುವವರು ಯಾರು? ಅವರು ಸ್ವಂತ ಟ್ಯಾಂಕಿನಲ್ಲಿ ತೈಲ ಇಟ್ಟುಕೊಂಡು ಬೆಲೆ ಬಿದ್ದೀತೆಂಬ ಭಯಕ್ಕೆ ಮಾರುತ್ತಿರುವವರಾದರೆ, ಇಲ್ಲಿ ಕಳೆದುಕೊಂಡದ್ದನ್ನು ಸರಕಿನಲ್ಲಿ ಗಳಿಸಿಕೊಳ್ಳುತ್ತಾರೆ. ನಿಮಗೆ ಆ ಇನ್ನೊಂದು ಕೈ ಇಲ್ಲ. ಇಷ್ಟನ್ನು ಕೇಳಿದವರು ಇದುವರೆಗೆ ಯಾರೂ ನನಗೆ ಸಿಕ್ಕಿಲ್ಲ.

ಕನಿಷ್ಠ ಮಾರ್ಜಿನ್ ಮೊತ್ತವೇ ಬೇಕೆಂಬ ಹಟವಿದ್ದರೆ, ಅದನ್ನು ಎಕ್ಸ್‌ಚೇಂಜ್‌ಗಳೇ ಪ್ರಕಟಿಸುತ್ತವೆ, ನೋಡಿಕೊಳ್ಳಿ. ಮಾರುಕಟ್ಟೆ ಹುಚ್ಚೆದ್ದಾಗ, ಅಂದರೆ ನಿಮ್ಮ ಹತ್ತಿರ ಹಣ ಕರಗುತ್ತಿರುವ ಹೊತ್ತಿಗೇ, ಅದನ್ನು ಏರಿಸುವ ಅಧಿಕಾರವೂ ಅವುಗಳಿಗಿದೆ.