ಯಾವ ಫೋಟೋ ನೋಡಿ ಬರ್ತಿದ್ದೀರಿ?

ಸಾಗರದಲ್ಲಿ ನನ್ನದು ಟ್ಯಾಕ್ಸಿ ಕೆಲಸ. ಹದಿನಾರು ವರ್ಷವಾಯಿತು. ಮೊದಲ ಐದು ವರ್ಷ ಬೇರೆಯವರ ಗಾಡಿ ಓಡಿಸಿದೆ, ಆಮೇಲೆ ಸಾಲ ಮಾಡಿ ಸ್ವಂತದ್ದು ತೆಗೆದುಕೊಂಡೆ. ಬೆಳಿಗ್ಗೆ ತಾಳಗುಪ್ಪದಲ್ಲಿ ರೈಲು ಇಳಿದವರನ್ನೋ ಸಾಗರ ಬಸ್ ಸ್ಟ್ಯಾಂಡಿಗೆ ಬಂದವರನ್ನೋ ಹತ್ತಿಸಿಕೊಳ್ಳುತ್ತೇನೆ. ಜೋಗ ತೋರಿಸಿ, ಇನ್ನೊಂದೆರಡು ಜಾಗ ಸುತ್ತಿಸಿ, ರಾತ್ರಿ ವಾಪಸ್ ಬಿಡುತ್ತೇನೆ. ಹೆಚ್ಚಿನವರದು ಒಂದೇ ದಿನದ ಟ್ರಿಪ್.

ಈ ಕೆಲಸದಲ್ಲಿ ಜನರ ಸಂತೋಷ, ಬೇಜಾರು ಎರಡೂ ನನಗೆ ಮಿರರ್‌ನಲ್ಲೇ ಕಾಣುತ್ತವೆ. ಹೋಗುವಾಗ ಎಲ್ಲರೂ ಮಾತಾಡುತ್ತಿರುತ್ತಾರೆ. ಜೋಗ ನೋಡಿ ಬರುವಾಗ ಹಿಂದಿನ ಸೀಟು ತಣ್ಣಗಿದ್ದರೆ ನನಗೆ ಗೊತ್ತಾಗುತ್ತದೆ, ಇವರು ಬಯಸಿ ಬಂದದ್ದು ಸಿಗಲಿಲ್ಲ ಅಂತ. ಯಾರೂ ನನ್ನನ್ನು ಬೈಯುವುದಿಲ್ಲ. ದುಡ್ಡು ಎಣಿಸಿ ಕೊಟ್ಟು ಹೋಗುತ್ತಾರೆ. ಆದರೆ ಮತ್ತೆ ಫೋನ್ ಮಾಡುವುದಿಲ್ಲ.

ಬಹಳ ದಿನ ಇದು ನನ್ನ ತಪ್ಪು ಅಂತ ನನಗೆ ಅನ್ನಿಸಿರಲಿಲ್ಲ. ನೀರು ಇಲ್ಲದಿದ್ದರೆ ನಾನೇನು ಮಾಡಲಿ ಅಂದುಕೊಂಡಿದ್ದೆ.

2017ರ ಮೇ ತಿಂಗಳು. ಬಾಗಲಕೋಟೆ ಕಡೆಯಿಂದ ಒಬ್ಬರು ಫೋನ್ ಮಾಡಿದರು. ನನ್ನ ವಾಟ್ಸಾಪ್ ಡಿಪಿಯಲ್ಲಿ ಜೋಗದ ಫೋಟೋ ಇತ್ತು. ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದ ವರ್ಷ ತೆಗೆದದ್ದು. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಂದಕ್ಕೊಂದು ಸೇರಿ ಇಡೀ ಬಂಡೆಯೇ ಬೆಳ್ಳಗೆ ಕಾಣುವ ಫೋಟೋ. ಅವರು ಅದನ್ನು ನೋಡಿಯೇ ಕೇಳಿದರು, "ಈಗ ನೀರು ಇದೆಯೇನ್ರಿ?" ನಾನು ಹೇಳಿದೆ, "ಇರುತ್ತೆ ಸರ್, ಬನ್ನಿ."

ಇರುತ್ತೆ. ಸುಳ್ಳು ಅಂತ ಹೇಳಲಾಗದ ಮಾತು. ಮೇ ತಿಂಗಳಲ್ಲೂ ಬಂಡೆಯ ಮೇಲೆ ಒಂದೆರಡು ಎಳೆ ನೀರು ಇಳಿಯುತ್ತದೆ. ಆದರೆ ಅವರು ಕೇಳಿದ್ದು ಆ ಫೋಟೋದ ನೀರನ್ನು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಮಕ್ಕಳಿಗೆ ಶಾಲೆ ರಜೆ, ನನಗೆ ಗಾಡಿಯ ಕಂತು. ಹಾಗಾಗಿ 'ಇದೆ' ಅನ್ನಲೂ ಇಲ್ಲ, 'ಇಲ್ಲ' ಅನ್ನಲೂ ಇಲ್ಲ.

ರಾತ್ರಿ ಬಸ್ಸಿಗೆ ಹುಬ್ಬಳ್ಳಿ ಮೇಲೆ ಬಂದರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅವರ ತಾಯಿ. ಇಳಕಲ್ ಸೀರೆ ಉಟ್ಟ ಅಜ್ಜಿ, ಎಪ್ಪತ್ತು ದಾಟಿತ್ತು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದನ್ನು ಡಿಕ್ಕಿಯಲ್ಲಿ ಇಡುತ್ತೇನೆ ಅಂದರೆ ಕೊಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಕೂತರು. ಅದರಲ್ಲಿ ಗುಳೇದಗುಡ್ಡದ ಖಣ, ಹಸಿರು ಬಳೆ, ಅರಿಷಿಣ ಕುಂಕುಮ, ಕೊಬ್ಬರಿ ಇತ್ತು. ಶರಾವತಿಗೆ ಉಡಿ ತುಂಬಬೇಕು ಅಂತ ಊರಿಂದ ತಂದಿದ್ದರು.

ವ್ಯೂ ಪಾಯಿಂಟ್ ಕಟ್ಟೆಗೆ ಹೋಗಿ ನಿಂತರು. ಎದುರಿಗೆ 830 ಅಡಿ ಕಪ್ಪು ಬಂಡೆ. ಅದರ ಮೇಲೆ ದಾರದಂಥ ಒಂದು ಎಳೆ, ಗಾಳಿ ಬೀಸಿದರೆ ಅದೂ ಚದುರುತ್ತಿತ್ತು. ಮಕ್ಕಳು ಐದು ನಿಮಿಷಕ್ಕೆ ಮಂಗಗಳ ಹಿಂದೆ ಹೋದವು. ಮಗ ಮೊಬೈಲ್ ತೆಗೆದರು, ಒಂದು ಫೋಟೋ ತೆಗೆದು ಜೇಬಿಗಿಟ್ಟರು. ಅಜ್ಜಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ತಮ್ಮಾ, ಹೊಳಿ ಎಲ್ಲೈತಿ?"

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಮತ್ತೆ ಅಂದರು, "ಇಷ್ಟ ದೂರ ಬಂದು ಕಲ್ಲ ನೋಡಿ ಹೋಗೂದೇನೋ?"

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಮಾಡಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಹೊಳೆ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಜೋಗದಿಂದ ಮೇಲಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಕಟ್ಟಿದ್ದು. ತುಂಬಿದರೆ 1819 ಅಡಿ ಮಟ್ಟ, 151 ಟಿಎಂಸಿ ನೀರು. ಶರಾವತಿ ಅಲ್ಲೇ ನಿಲ್ಲುತ್ತಾಳೆ. ಅಲ್ಲಿಂದ ನೀರು ತಳಕಳಲೆಯ ಜಲಾಶಯಕ್ಕೆ ಹೋಗಿ, ಪೈಪುಗಳಲ್ಲಿ ಇಳಿದು, 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರದಲ್ಲಿ ಕರೆಂಟ್ ಆಗುತ್ತದೆ. ಅಂದರೆ ಆ ನೀರು ಜೋಗದ ಬಂಡೆಯನ್ನು ಮುಟ್ಟದೆ ಪಕ್ಕದಿಂದಲೇ ಹೋಗುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಬಿದ್ದ ಮಳೆ ಹಳ್ಳಗಳಾಗಿ ಬಂದು ಜೋಗ ತುಂಬುತ್ತದೆ. ಫೋಟೋದಲ್ಲಿ ಕಾಣುವ ಆ ದೊಡ್ಡ ರೂಪ ಬೇಕೆಂದರೆ ಅಣೆಕಟ್ಟು ತುಂಬಿ ಗೇಟು ತೆಗೆಯಬೇಕು. ಅದು ಎಲ್ಲ ವರ್ಷ ಆಗುವುದಿಲ್ಲ. 2019ರಲ್ಲಿ ತೆಗೆದರು, 2024ರ ಆಗಸ್ಟ್‌ನಲ್ಲಿ ತೆಗೆದರು. ನಡುವೆ 2023ರಂಥ ಬರದ ವರ್ಷವೂ ಬಂತು. ತೆಗೆದರೂ ಕೆಲವೇ ದಿನ. ಆ ಕೆಲವೇ ದಿನದ ಫೋಟೋ ವರ್ಷವಿಡೀ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತದೆ.

ಇದೆಲ್ಲ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಅಜ್ಜಿಯ ತವರು ಮುಳುಗಡೆ ಊರು. ಅವರ ಮನೆ, ತೋಟ ಎಲ್ಲ ಆ ಹಿನ್ನೀರಿನ ಅಡಿಯಲ್ಲಿದೆ. ಅಷ್ಟು ಗೊತ್ತಿದ್ದ ನಾನು ಬಾಗಲಕೋಟೆಯಿಂದ ಬಂದ ಅಜ್ಜಿಗೆ ಫೋನಿನಲ್ಲಿ ಒಂದು ಮಾತು ಮೊದಲೇ ಹೇಳಲಿಲ್ಲ.

ಅವತ್ತು ಪ್ಲಾನ್‌ನಲ್ಲಿ ಮಧ್ಯಾಹ್ನ ಊಟ ಮಾಡಿ ಇನ್ನೆರಡು ಜಾಗ ನೋಡುವುದಿತ್ತು. ನಾನು ಅವರ ಮಗನಿಗೆ ಹೇಳಿದೆ, "ಸರ್, ತಪ್ಪು ನನ್ನದು. ಹೊಳೆ ತೋರಿಸ್ತೀನಿ. ಜಾಸ್ತಿ ದುಡ್ಡು ಬೇಡ." ಸಾಗರಕ್ಕೆ ವಾಪಸ್ ಬಂದು ಆವಿನಹಳ್ಳಿ ರಸ್ತೆ ಹಿಡಿದು ಹೊಳೆಬಾಗಿಲಿಗೆ ಕರೆದುಕೊಂಡು ಹೋದೆ. ಆಗ ಸೇತುವೆ ಇರಲಿಲ್ಲ, ಸಿಗಂದೂರಿಗೆ ಹೋಗುವವರು ಅಲ್ಲಿಂದ ಲಾಂಚ್ ಹತ್ತುತ್ತಿದ್ದರು. ಬೇಸಿಗೆಯಾದ್ದರಿಂದ ಹಿನ್ನೀರು ಕೆಳಕ್ಕೆ ಇಳಿದಿತ್ತು. ದಡದಲ್ಲಿ ಉದ್ದಕ್ಕೂ ಕೆಂಪು ಮಣ್ಣು. ಆದರೂ ಕಣ್ಣು ಹಾಯುವಷ್ಟು ದೂರ ನೀರು.

ಅಜ್ಜಿ ಮೊಮ್ಮಗಳ ಕೈ ಹಿಡಿದು ನೀರಿನವರೆಗೆ ಇಳಿದರು. ಅಂಚಿನಲ್ಲಿ ಕೂತು ಅರಿಷಿಣ ಕುಂಕುಮ ಹಾಕಿ, ಖಣ ಬಳೆ ಇಟ್ಟು ಕೈ ಮುಗಿದರು. ಮೇಲೆ ಬಂದವರು ನನ್ನ ಮುಖ ನೋಡಿ, "ಇಲ್ಲಿ ಕುಂತಾಳಲ್ಲೋ ನಮ್ಮವ್ವ. ಮೊದಲ ಇಲ್ಲಿಗೆ ಕರಕೊಂಡು ಬರಬೇಕಿಲ್ಲೇನ?" ಅಂದರು. ಆಮೇಲೆ ನಾನು ಅಣೆಕಟ್ಟಿನ ಕಥೆ, ಮುಳುಗಿದ ಊರುಗಳ ಕಥೆ, ನನ್ನ ಅಜ್ಜಿಯ ಕಥೆ ಎಲ್ಲ ಹೇಳಿದೆ. ಅವರೂ ಆಲಮಟ್ಟಿ ಹಿನ್ನೀರಿಗೆ ಹೊಲ ಹೋದವರ ಕಡೆಯವರೇ. ಅವರಿಗೆ ಮುಳುಗಡೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಲಿಲ್ಲ.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಮಾತು ಇತ್ತು.

ಆ ರಾತ್ರಿಯೇ ನಾನು ಡಿಪಿ ತೆಗೆದೆ. ಅವತ್ತಿನಿಂದ ಯಾರು ಫೋನ್ ಮಾಡಿದರೂ ಮೊದಲು ಕೇಳುವುದು ಒಂದೇ: "ಯಾವ ಫೋಟೋ ನೋಡಿ ಬರ್ತಿದ್ದೀರಿ? ಅದನ್ನ ನನಗೆ ಕಳಿಸಿ." ಅವರು ಕಳಿಸುತ್ತಾರೆ. ನಾನು ಜೋಗದಲ್ಲಿ ಅದೇ ದಿನ ಅಥವಾ ಹಿಂದಿನ ದಿನ ತೆಗೆದ ವಿಡಿಯೋ ಕಳಿಸುತ್ತೇನೆ. ನಾನು ಆ ಕಡೆ ಹೋಗದ ದಿನ ಅಲ್ಲಿ ಮಂಡಕ್ಕಿ ಅಂಗಡಿ ಇಟ್ಟಿರುವ ಗೆಳೆಯ ತೆಗೆದು ಕಳಿಸುತ್ತಾನೆ. ಹತ್ತು ಸೆಕೆಂಡ್ ಸಾಕು. ಮಾತಿನಲ್ಲಿ 'ನೀರು ಕಡಿಮೆ' ಅಂದರೆ ಜನ ಅವರವರ ಮನಸ್ಸಿಗೆ ಬಂದಂತೆ ಅಳತೆ ಮಾಡಿಕೊಳ್ಳುತ್ತಾರೆ. ವಿಡಿಯೋದಲ್ಲಿ ಆ ತೊಂದರೆ ಇಲ್ಲ.

ಶುರುವಿನಲ್ಲಿ ನಷ್ಟ ಆಯಿತು. ಆ ಜೂನ್ ಮೊದಲ ವಾರದಲ್ಲೇ ನಾಲ್ಕು ಬುಕಿಂಗ್ ಕೈಬಿಟ್ಟವು. ಮನೆಯಲ್ಲಿ ಕೇಳಿದರು, ಕಂತು ಹೇಗೆ ಕಟ್ಟುತ್ತೀರಿ ಅಂತ. ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರ್‌ಗಳು, "ನೀನೇ ಗಿರಾಕಿ ಓಡಿಸ್ತೀಯಲ್ಲ ಮಾರಾಯ" ಅಂದರು. ಆದರೆ ಬೇಡ ಅಂದ ಆ ನಾಲ್ವರಲ್ಲಿ ಇಬ್ಬರು ಆಗಸ್ಟ್‌ನಲ್ಲಿ ನನಗೇ ಫೋನ್ ಮಾಡಿದರು. "ಅವತ್ತು ಬರಬೇಡಿ ಅಂದಿದ್ರಲ್ಲ, ಈಗ ಬರಬಹುದಾ?" ಅಂತ. ಈಗ ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಾಗೆ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದವರು.

ಮಳೆಗಾಲದ್ದು ಬೇರೆಯೇ ಕಷ್ಟ. ಜುಲೈನಲ್ಲಿ ನೀರು ಇರುತ್ತದೆ, ಆದರೆ ಕಾಣುವುದಿಲ್ಲ. ಕಟ್ಟೆ ಹತ್ತಿರ ನಿಂತರೆ ಎದುರಿಗೆ ಬರೀ ಬಿಳಿ ಮಂಜು. ಭೋರ್ಗರೆತ ಮಾತ್ರ ಕೇಳುತ್ತದೆ. ಒಮ್ಮೆ ಬೆಂಗಳೂರಿನ ಗಂಡ ಹೆಂಡತಿ ಬಂದಿದ್ದರು. ಹತ್ತು ನಿಮಿಷ ಕಾದು, ಒದ್ದೆಯಾಗಿ, "ಸಾಕು ನಡೀರಿ" ಅಂದರು. ಅವರ ಪಟ್ಟಿಯಲ್ಲಿ ಅದೇ ದಿನ ಸಿಗಂದೂರು, ಮುರುಡೇಶ್ವರ ಎರಡೂ ಇದ್ದವು. ನಾನು ಬೇಡಿಕೊಂಡೆ, "ಒಂದು ಗಂಟೆ ಕೂರಿ, ಚಹಾ ಕುಡಿಯಿರಿ. ಮುರುಡೇಶ್ವರ ಬಿಡಿ." ಮನಸ್ಸಿಲ್ಲದೆ ಒಪ್ಪಿದರು. ಬಿಸಿ ಮೆಕ್ಕೆಜೋಳ ತಿನ್ನುತ್ತಾ ಕೂತಿದ್ದಾಗ ಗಾಳಿ ತಿರುಗಿತು. ಮಂಜು ಪರದೆ ಸರಿಸಿದಂತೆ ಒಂದು ಕಡೆಯಿಂದ ಸರಿಯಿತು. ಮೊದಲು ರಾಣಿ ಕಂಡಳು, ಆಮೇಲೆ ರಾಕೆಟ್, ಕೊನೆಗೆ ಎಲ್ಲಿಯೂ ಬಂಡೆಗೆ ತಾಗದೆ ನೇರ ಬೀಳುವ ರಾಜ. ಮೂರು ನಾಲ್ಕು ನಿಮಿಷ ಅಷ್ಟೇ, ಮತ್ತೆ ಮುಚ್ಚಿತು. ಆ ಹೆಣ್ಣುಮಗಳು ಮೊಬೈಲ್ ತೆಗೆಯಲೇ ಇಲ್ಲ. ಸುಮ್ನೆ ನಿಂತಿದ್ದರು.

ಆ ಒಂದು ಗಂಟೆ ಎಲ್ಲರಿಗೂ ಸಿಗುವುದಿಲ್ಲ. ಕಾರಣ ಆ ಪಟ್ಟಿ. ಬೆಂಗಳೂರಿನಿಂದ ಜೋಗಕ್ಕೆ ಹೆಚ್ಚುಕಡಿಮೆ 400 ಕಿ.ಮೀ. ರಾತ್ರಿ ಟಿಟಿಯಲ್ಲಿ ಹೊರಟು, ನಿದ್ದೆಗೆಟ್ಟು ಬೆಳಿಗ್ಗೆ ಇಳಿದು, ಅದೇ ರಾತ್ರಿ ವಾಪಸ್ ಹೊರಡುವವರು ಒಂದು ಹಗಲಿನಲ್ಲಿ ಐದು ಜಾಗ ಬರೆದುಕೊಂಡು ಬರುತ್ತಾರೆ. ಕೆಲವರು ಜುಲೈನಲ್ಲಿ ಆಗುಂಬೆ ಸೂರ್ಯಾಸ್ತವನ್ನೂ ಸೇರಿಸಿರುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಮೋಡ ಬಿಟ್ಟು ಇನ್ನೇನು ಕಾಣುತ್ತದೆ? ಸೂರ್ಯ ಬೇಕಾದರೆ ಚಳಿಗಾಲದಲ್ಲಿ ಬರಬೇಕು. ಐದು ಜಾಗ ಅಂದರೆ ದಿನದ ಮುಕ್ಕಾಲು ಪಾಲು ಗಾಡಿಯಲ್ಲೇ ಕಳೆಯುತ್ತದೆ. ಇಳಿಯುವುದು, ಫೋಟೋ, ಮತ್ತೆ ಹತ್ತುವುದು. ಮೊದಲೆಲ್ಲ ಐದೂ ಮಾಡಿಸುತ್ತಿದ್ದೆ. ಕಿಲೋಮೀಟರ್ ಜಾಸ್ತಿ ಆದಷ್ಟು ನನಗೆ ದುಡ್ಡು ಜಾಸ್ತಿ ತಾನೇ. ಈಗ ಫೋನಿನಲ್ಲೇ ಹೇಳುತ್ತೇನೆ, ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ, ಮಕ್ಕಳಿದ್ದರೆ ಎರಡೇ ಸಾಕು ಅಂತ.

ಮುಚ್ಚಿದೆಯೋ ತೆರೆದಿದೆಯೋ ನೋಡುವುದೂ ನನ್ನ ಕೆಲಸವೇ ಅಂತ ಆಮೇಲೆ ಕಲಿತೆ. 2025ರ ಆರಂಭದಲ್ಲಿ ಜೋಗದ ಮುಖ್ಯ ದ್ವಾರದ ಕಾಮಗಾರಿಗೆ ಅಂತ ಪ್ರವಾಸಿಗರನ್ನು ಕೆಲವು ತಿಂಗಳು ಒಳಗೆ ಬಿಡುತ್ತಿರಲಿಲ್ಲ. ಗೊತ್ತಿಲ್ಲದೆ ದೂರದಿಂದ ಬಂದವರು ಗೇಟಿನ ಹತ್ತಿರ ನಿಂತು ವಾಪಸ್ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂಥದ್ದನ್ನು ಹೇಳಲು ಒಂದು ಫೋನ್ ಕಾಲ್ ಸಾಕು.

ಇನ್ನೊಂದು ವಿಷಯ ನನಗೆ ನಿಧಾನವಾಗಿ ಗೊತ್ತಾಯಿತು. ನಮ್ಮ ಕಡೆ ಜನ ತುಂಬಾ ಖುಷಿಯಾಗುವ ಜಾಗ ಯಾವುದು ಅಂದರೆ, ಅವರು ಹೆಸರೇ ಕೇಳಿರದ ಜಾಗ. ಸಾಗರದ ಪಕ್ಕದಲ್ಲೇ ಇಕ್ಕೇರಿ ಇದೆ. ಅಘೋರೇಶ್ವರ ದೇವಸ್ಥಾನ, ಎದುರಿಗೆ ದೊಡ್ಡ ನಂದಿ. ಕೆಳದಿಯಲ್ಲಿ ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ಇದೆ. ಅದರ ಫೋಟೋ ಯಾರೂ ನೋಡಿರುವುದಿಲ್ಲ. ಬೇಸಿಗೆಯಲ್ಲಿ ಬಂದವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನೆತ್ತಿ ಸುಡುವ ಬಿಸಿಲಿನಲ್ಲೂ ಇಕ್ಕೇರಿಯ ಒಳಗೆ ಕಲ್ಲು ತಣ್ಣಗಿರುತ್ತದೆ. ಮಕ್ಕಳು ನಂದಿಯ ಸುತ್ತ ಓಡುತ್ತವೆ. ದೊಡ್ಡವರು ಮೆಟ್ಟಿಲ ಮೇಲೆ ಕೂತರೆ ಏಳುವುದೇ ಇಲ್ಲ. ಜೋಗಕ್ಕೆ ಕೊನೆಯಲ್ಲಿ, ಸಂಜೆ ಹೋಗುತ್ತೇವೆ. ಅಷ್ಟು ಹೊತ್ತಿಗೆ ದಾರಿಯಲ್ಲಿ ಅಣೆಕಟ್ಟಿನ ಕಥೆ ಹೇಳಿ ಮುಗಿಸಿರುತ್ತೇನೆ. ನೀರಿಲ್ಲದ ಬಂಡೆಯನ್ನೂ ಆಗ ಬೇರೆ ಥರ ನೋಡುತ್ತಾರೆ. 'ಈ ನೀರೇ ನಮ್ಮ ಮನೆಯ ಫ್ಯಾನ್ ತಿರುಗಿಸ್ತಿದೆಯಾ' ಅಂತ ಒಬ್ಬ ಹುಡುಗ ಕೇಳಿದ್ದು ನೆನಪಿದೆ.

ಬೇಸಿಗೆಯ ಜೋಗವನ್ನು ಯಾರಾದರೂ 'ವೇಸ್ಟ್' ಅಂದರೆ ನನಗೆ ಈಗಲೂ ನೋವಾಗುತ್ತದೆ. ಆ ಬಂಡೆ, ಆ ಕಣಿವೆ, ಕೆಳಗಿನ ಕಾಡು, ಇವೆಲ್ಲ ನೀರಿದ್ದಾಗ ಕಾಣುವುದೇ ಇಲ್ಲ. ಜಾಗ ಯಾರಿಗೂ ಮಾತು ಕೊಟ್ಟಿರಲಿಲ್ಲ. ಫೋಟೋ ಹಾಕಿ ಮಾತು ಕೊಟ್ಟವರು ನಮ್ಮಂಥವರು.

ಹೋದ ವರ್ಷ ಇನ್ನೊಂದು ಗಾಡಿ ತೆಗೆದುಕೊಂಡೆ. ಅದಕ್ಕೆ ನಮ್ಮ ಊರಿನ ಹುಡುಗನನ್ನೇ ಡ್ರೈವರ್ ಆಗಿ ಇಟ್ಟುಕೊಂಡಿದ್ದೇನೆ. ಒಳ್ಳೆಯ ಹುಡುಗ, ಗಾಡಿ ಚೆನ್ನಾಗಿ ಓಡಿಸುತ್ತಾನೆ. ಈ ಏಪ್ರಿಲ್‌ನಲ್ಲಿ ತುಮಕೂರಿನ ಒಂದು ಕುಟುಂಬ ಅವನಿಗೆ ಫೋನ್ ಮಾಡಿತ್ತು. ಅವನು ಹಳೆಯ ಆಗಸ್ಟ್‌ನ ವಿಡಿಯೋ ಕಳಿಸಿ, "ಬನ್ನಿ ಸರ್, ಸೂಪರ್ ಇರುತ್ತೆ" ಅಂದುಬಿಟ್ಟಿದ್ದ. ಅವರು ಅಡ್ವಾನ್ಸ್ ಕೂಡ ಹಾಕಿದ್ದರು.

ನಾನು ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು ಉಡಿ ತಂದ ಅಜ್ಜಿಯ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಿಗೆ ತಾನೇ ವಾಪಸ್ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ. "ಸರ್, ನಾನು ಕಳಿಸಿದ್ದು ಹಳೇ ವಿಡಿಯೋ. ಇವತ್ತಿಂದು ಈಗ ಕಳಿಸಿದ್ದೀನಿ, ನೋಡಿ. ಬೇಡ ಅನ್ನಿಸಿದ್ರೆ ಅಡ್ವಾನ್ಸ್ ವಾಪಸ್ ಹಾಕ್ತೀನಿ" ಅಂದ. ಆ ಕಡೆ ಒಂದೆರಡು ನಿಮಿಷ ಮನೆಯವರೆಲ್ಲ ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ಆಮೇಲೆ ಹೆಂಗಸೊಬ್ಬರ ದನಿ ಬಂತು.

"ರಜೆ ಹಾಕಿ ಆಗಿದೆ ಕಣಪ್ಪ. ಜೋಗ ಬಿಟ್ಟು ಅಲ್ಲಿ ಇನ್ನೇನಿದೆ, ಅದನ್ನ ಹೇಳು."

ಹುಡುಗ ಕುರ್ಚಿ ಎಳೆದುಕೊಂಡು ಕೂತ. ಇಕ್ಕೇರಿಯಿಂದ ಶುರು ಮಾಡಿದ.